ತಿಳಿಹಳದಿ ಕೇರಿ

ಪುರಸಭೆಯ ಕಂಪ್ಯೂಟರಿನಲ್ಲಿ ಊರಿನ ನಕ್ಷೆ ತೆರೆದುಕೊಂಡಾಗ ಸುಂದುಸ್ ಮೊದಲು ಹುಡುಕಿದ್ದು ಕಾಲುವೆಯಾಚೆಯ ತನ್ನ ಕೇರಿಯನ್ನು. ವಿದ್ಯುತ್ ಹೆಚ್ಚು ಬೇಕಾದ ಕೇರಿಗಳು ಕಡುಗೆಂಪು, ಕಡಿಮೆ ಸಾಕಾದವು ತಿಳಿಹಳದಿ. ಅವಳ ಕೇರಿ ತಿಳಿಹಳದಿಯಾಗಿತ್ತು. ಈ ಬೇಸಿಗೆಗೆ ಬಂದಿದ್ದ ಒಂದೇ ಒಂದು ಹೊಸ ಟ್ರಾನ್ಸ್‌ಫಾರ್ಮರು ಅಧಿಕಾರಿಗಳ ಬಡಾವಣೆಗೆ ಹೋಗಲಿ ಎಂದು ಆ ತಂತ್ರಾಂಶ ಹೇಳುತ್ತಿತ್ತು.

ಮನೆಯಲ್ಲಿ ಅವಳ ತಂದೆ ಹಾತಿಮ್ ಆಮ್ಲಜನಕದ ಯಂತ್ರದ ನಳಿಗೆ ಮೂಗಿಗೆ ಹಾಕಿಕೊಂಡು ಮಲಗಿದ್ದ. ಕೇರಿಯ ಹಳೆಯ ಟ್ರಾನ್ಸ್‌ಫಾರ್ಮರು ಬಿಸಿಲಿಗೆ ಸೋತು ನಿಂತಾಗಲೆಲ್ಲ ಅವನ ತುಟಿ ನೀಲಿಗಟ್ಟುತ್ತಿತ್ತು. ಕರೆಂಟು ಹೀಗೇ ಇದ್ದರೆ ಈ ಜುಲೈ ದಾಟುವುದು ಕಷ್ಟ ಎಂದು ವೈದ್ಯರು ಹೇಳಿದ್ದರು.

ತಪ್ಪು ತಂತ್ರಾಂಶದ್ದಲ್ಲ. ಅದಕ್ಕೆ ಉಣಿಸಿದ ಅಂಕಿಗಳನ್ನು ಪುರಸಭೆಯ ಸಮೀಕ್ಷೆಗೆಂದು ಮನೆಮನೆ ಸುತ್ತಿ ಬರೆದು ತಂದವಳು ಅವಳೇ. ಕೇರಿಯಲ್ಲಿ ಮೀಟರಿದ್ದ ಮನೆಗಳಿಗಿಂತ ಕಂಬಕ್ಕೆ ಕೊಕ್ಕೆ ಹಾಕಿ ಕದ್ದು ಕರೆಂಟು ಎಳೆದುಕೊಂಡ ಮನೆಗಳೇ ಹೆಚ್ಚು. ಪುರಸಭೆಯವರು ಏನು ಕೇಳಿದರೂ ಅದು ಕೊಕ್ಕೆ ಕೀಳುವುದಕ್ಕೇ ಎಂದು ಎಲ್ಲರೂ ನಂಬಿದ್ದರು. ಪಕ್ಕದ ಮನೆಯ ಉಮ್ ಘಾನಿಮ್ ತನ್ನ ಏಸಿ ಕಾಣದಂತೆ ಅದರ ಮೇಲೆ ರಜಾಯಿ ಹೊದಿಸಿದ್ದಳು. ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು.

"ಖಾಲಾ, ಏನದು ಸೋರ್ತಿರೋದು?"

"ನಿನ್ನ ಪ್ರಶ್ನೆ ಕೇಳಿ ರಜಾಯಿಗೇ ಅಳು ಬಂದಿದೆ. ಒಂದು ಫ್ಯಾನು, ಒಂದು ಬಲ್ಬು ಅಂತ ಬರ್ಕೋ ಮಗಳೇ. ಚಾ ಕುಡಿದು ಹೋಗು."

ಸುಂದುಸ್ ಚಾ ಕುಡಿದಳು, ಹಾಗೆಯೇ ಬರೆದಳು. ಉಳಿದ ಮನೆಗಳಲ್ಲೂ ಅದೇ ಆಯಿತು. ತನ್ನ ಮನೆಯ ಸಾಲು ಬಂದಾಗ ತಾಯಿ ಅವಳ ಕೈ ಹಿಡಿದು ತಡೆದಳು. ಅವರದೂ ಕೊಕ್ಕೆಯೇ. ಒಂದು ಫ್ಯಾನು, ಒಂದು ಬಲ್ಬು.

ಈಗ ಅವಳು ಪುರಸಭೆಯ ಎಂಜಿನಿಯರ್ ಮುಹನ್ನದನ ಮೇಜಿನ ಬಳಿ ನಿಂತು, ಅಂಕಿಗಳು ಸುಳ್ಳೆಂದು ತಗ್ಗಿದ ದನಿಯಲ್ಲಿ ಹೇಳಿದಳು. ಅವನು ಬೈಯಲಿಲ್ಲ. ತಿದ್ದುವುದಾದರೆ ಮನೆಯವರ ಹೆಸರು ಸಮೇತ ತಿದ್ದಿ ಸಹಿ ಹಾಕಬೇಕು, ತಿದ್ದಿದ ಪಟ್ಟಿ ವಿದ್ಯುತ್ ಕಚೇರಿಗೂ ಹೋಗುತ್ತದೆ, ಅದನ್ನು ತಡೆಯಲು ತನ್ನಿಂದಾಗದು ಎಂದ.

ನೂರಹನ್ನೆರಡು ಮನೆಗಳು. ಹೆಸರು ಬರೆದರೆ ಕೊಕ್ಕೆ ಹಾಕಿದವರ ತಂತಿಯೆಲ್ಲ ಹೋಗುತ್ತದೆ. ಕೊನೆಗೆ ತನ್ನ ಮನೆಯ ಸಾಲೊಂದನ್ನೇ ತಿದ್ದಿ ಸಹಿ ಹಾಕಿದಳು: ಏಸಿ, ಫ್ರಿಜ್ಜು, ಹಗಲಿರುಳು ಓಡುವ ಆಮ್ಲಜನಕದ ಯಂತ್ರ. ಮುಹನ್ನದ್ ಗುಂಡಿ ಒತ್ತಿದ. ಲೆಕ್ಕ ಮತ್ತೊಮ್ಮೆ ಓಡಿ ನಿಂತಿತು. ಕೇರಿ ತಿಳಿಹಳದಿಯಾಗಿಯೇ ಇತ್ತು.

"ಒಂದು ಮನೆಯಿಂದ ಬಣ್ಣ ಬದಲಾಗಲ್ಲಮ್ಮ," ಎಂದ.

ಮೂರನೆಯ ದಿನ ಮಧ್ಯಾಹ್ನ ಲೈನ್‌ಮನ್ ಏಣಿ ಹೊತ್ತು ಬಂದು, ಪಟ್ಟಿಯಲ್ಲಿ ಹೆಸರಿದೆ ಎಂದು ಹೇಳಿ ಅವರ ಮನೆಯೊಂದರ ತಂತಿಯನ್ನು ಮಾತ್ರ ಕತ್ತರಿಸಿ ಹೋದ. ತಾಯಿ ಓಡಿಹೋಗಿ, ಯಂತ್ರಕ್ಕೆ ಮಾತ್ರ ನಿಮ್ಮ ಮನೆಯಿಂದ ಒಂದು ತಂತಿ ಎಳೆದುಕೊಳ್ಳುತ್ತೇವೆ ಎಂದು ಉಮ್ ಘಾನಿಮಳನ್ನು ಬೇಡಿಕೊಂಡಳು. ಉಮ್ ಘಾನಿಮ್ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು.

"ಪುರಸಭೆಗೆ ಬರೆದುಕೊಡೋ ಹುಡುಗಿ ಇರೋ ಮನೆಗೆ ಹೇಗೆ ಕೊಡ್ಲಿ? ನಾಳೆ ನನ್ನದೂ ಬರೀತಾಳೆ. ನನ್ನ ಮನೇಲೂ ಹಸುಗೂಸಿದೆ."

ತಾನು ಬೇರೆ ಯಾರ ಹೆಸರನ್ನೂ ಬರೆದಿಲ್ಲ ಎಂದು ಹೇಳಲು ತಾಯಿಯ ಹಿಂದೆ ನಿಂತಿದ್ದ ಸುಂದುಸ್ ಬಾಯಿ ತೆರೆದಳು. ಕೇರಿಯ ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಮನೆಗೆ ಮರಳಿ, ಖರ್ಜೂರದ ಗರಿಯ ಬೀಸಣಿಗೆ ಎತ್ತಿಕೊಂಡು ತಂದೆಯ ಬಳಿ ಹೋದಳು.

ಹಾತಿಮ್ ಕಣ್ಣು ಬಿಟ್ಟಿದ್ದ. ಯಂತ್ರದ ಸದ್ದು ಯಾಕೆ ನಿಂತಿತು ಎಂದು ಕೈಸನ್ನೆಯಲ್ಲೇ ಕೇಳಿದ.

"ಕರೆಂಟು ಹೋಗಿದೆ ಬಾಬಾ," ಎಂದಳು. "ಈಗ ಬರುತ್ತೆ."