ರಾಣಿ ಯೊಲಾಂದಳ ಮದುವೆಯ ಹೊದಿಕೆ

ನಾನು ಒಂದು ಉಣ್ಣೆಯ ಹೊದಿಕೆ. ನಿಮ್ಮ ಮನೆಯ ಕೌದಿಗೆ ದೂರದ ನೆಂಟ ಎಂದುಕೊಳ್ಳಿ, ಬಿಂಕ ಮಾತ್ರ ಸ್ವಲ್ಪ ಹೆಚ್ಚು. ಬಹಳ ವರ್ಷಗಳ ಹಿಂದೆ ಫ್ರಾನ್ಸಿನ ದಕ್ಷಿಣದ ಒಂದು ಕೋಟೆಯಲ್ಲಿ ನನ್ನನ್ನು ನೇಯ್ದು, ಕೆಂಪು ಬಣ್ಣದಲ್ಲಿ ಅದ್ದಿ ಒಣಗಿಸಿದರು. ಮೊಮ್ಮಗಳು ಯೊಲಾಂದಳ ಮದುವೆಗೆಂದು ಅಜ್ಜಿ ಎರ್ಮೆಸಾಂದ್ ನನ್ನ ನಡುವೆ ನೀಲಿ ನೂಲಿನ ಮೂರು ಕೊಕ್ಕರೆಗಳನ್ನು ಕಸೂತಿ ಹಾಕಿದಳು. ಅದು ಅವರ ವಂಶದ ಗುರುತು. ಆ ವಂಶದ ಹೆಣ್ಣುಮಕ್ಕಳನ್ನು ಬಿಟ್ಟು ಬೇರೆ ಯಾರೂ ಅದನ್ನು ಹೊಲಿಯುವಂತಿರಲಿಲ್ಲ.

"ನೀನು ಎಂಥಾ ಮನೆಯವಳು ಅಂತ ನಿನ್ನ ಗಂಡನ ಮನೆಯವರಿಗೆ ಗೊತ್ತಿರಲಿ," ಎಂದಳು ಅಜ್ಜಿ.

ಯೊಲಾಂದ್ ರಾಣಿಯಾಗಿ ಉತ್ತರದ ಅರಮನೆಗೆ ಬಂದಳು. ನಾನು ಅವಳ ಮಂಚ ಸೇರಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ದೊರೆ ಮಗನಿಗೆ ಹೆಸರನ್ನೂ ಕುದುರೆಯನ್ನೂ ಗೊತ್ತುಮಾಡಿಟ್ಟಿದ್ದ. ಹುಟ್ಟಿದ್ದು ಇಸಬೋ ಎಂಬ ಮಗಳು. ಎರಡನೆಯದೂ ಹೆಣ್ಣಾಯಿತು. ದೊರೆ ರಾಣಿಯ ಕೋಣೆಗೆ ಬರುವುದನ್ನೇ ಬಿಟ್ಟ.

ಆ ಕಾಲದಲ್ಲಿ ಕಟ್ಟಿಕೊಂಡವಳನ್ನು ಸುಮ್ಮನೆ ಬಿಡುವಂತಿರಲಿಲ್ಲ. ಆದರೆ ಗಂಡಹೆಂಡಿರು ಹಿಂದಿನ ನಾಲ್ಕು ತಲೆಮಾರಿನೊಳಗೆ ಒಂದೇ ಬಳ್ಳಿಯವರೆಂದು ತೋರಿಸಿದರೆ, ಅದು ಮದುವೆಯೇ ಅಲ್ಲ ಎಂದು ಚರ್ಚು ಹೇಳುತ್ತಿತ್ತು. ದೊರೆಗಳಿಗೆ ಇಂಥ ನೆಂಟಸ್ತನ ನೆನಪಾಗುವುದು ಹೆಂಡತಿ ಬೇಡವಾದ ಮೇಲೆಯೇ. ನಮ್ಮ ದೊರೆಯ ಮುತ್ತಜ್ಜಿಯ ಗೋರಿಯ ಮೇಲೆ ಮೂರು ಕೊಕ್ಕರೆಗಳಿದ್ದವು. ರಾಣಿಯ ಹೊದಿಕೆಯ ಮೇಲೂ ಅಂಥವೇ ಹಕ್ಕಿಗಳಿವೆ ಎಂದು ಯಾರೋ ಅವನ ಕಿವಿಯೂದಿದರು. ಇಷ್ಟು ವರ್ಷ ನನ್ನನ್ನು ಹೊದ್ದವನು ನನ್ನ ಮೇಲಿರುವುದು ಹಕ್ಕಿಯೋ ಹೂವೋ ಎಂದು ಒಂದು ದಿನವೂ ನೋಡಿರಲಿಲ್ಲ.

ಮದುವೆ ಮುರಿದರೆ ರಾಣಿ ಸನ್ಯಾಸಿನಿಯರ ಮಠಕ್ಕೆ ಹೋಗಬೇಕು. ಮಕ್ಕಳು ಅರಮನೆಯಲ್ಲೇ ಉಳಿಯಬೇಕು. ಯೊಲಾಂದಳಿಗೆ ಕಿರೀಟದ ಚಿಂತೆಯಿರಲಿಲ್ಲ, ಮಕ್ಕಳದೇ ಭಯ.

"ನಾಳೆ ಬಿಷಪ್ಪರು ಇದನ್ನ ನೋಡೋಕೆ ಬರ್ತಾರಂತೆ, ತಾಯಿ. ಸುಟ್ಟುಬಿಡಿ," ಎಂದಳು ದಾದಿ ಪೆರೊನೆಲ್.

"ಸುಟ್ಟರೆ ಯಾಕೆ ಸುಟ್ಟೆ ಅಂತ ಕೇಳ್ತಾರೆ. ಕತ್ತರಿ ಕೊಡು."

ರಾಣಿ ಕೊಕ್ಕರೆಗಳ ಒಂದೊಂದೇ ಹೊಲಿಗೆ ಬಿಚ್ಚಿದಳು. ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ. ಆದರೆ ನೂಲಿನಡಿ ಬಿಸಿಲು ಕಾಣದ ಆ ಜಾಗದಲ್ಲಿ ನನ್ನ ಕೆಂಪು ಮಾಸಿರಲಿಲ್ಲ, ಕೊಕ್ಕರೆಗಳು ಹಾಗೇ ಎದ್ದು ಕಂಡವು. ಪೆರೊನೆಲ್ ತಲೆಯ ಮೇಲೆ ಕೈಹೊತ್ತು ಕೂತಳು. ರಾಣಿ ಅದರ ಮೇಲೆ ಒತ್ತೊತ್ತಾಗಿ ಗುಲಾಬಿಗಳನ್ನು ಹೊಲಿದಳು.

ಮರುದಿನ ಬಿಷಪ್ಪರು ದೊರೆಯ ಜೊತೆ ಬಂದರು. ನನ್ನನ್ನು ಕಿಟಕಿಗೆ ಹಿಡಿದರು, ಮಗುಚಿ ನೋಡಿದರು, ದಾರಗಳ ಮೇಲೆ ಬೆರಳಾಡಿಸಿದರು.

"ಗುಲಾಬಿ ಹೂಗಳು, ಪ್ರಭು. ಬೇರೇನೂ ಇಲ್ಲ," ಎಂದು ನನ್ನನ್ನು ಕೆಳಗಿಟ್ಟರು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಅಪ್ಪನ ದನಿ ಕೇಳಿ ಇಸಬೋ ಓಡಿಬಂದಳು. ಅವಳಿಗಿನ್ನೂ ಏಳು ವರ್ಷ. ಅಪ್ಪ ಇತ್ತ ಬಾರದೆ ಎಷ್ಟೋ ದಿನವಾಗಿತ್ತು. ಕೈಯಲ್ಲೊಂದು ಪುಟ್ಟ ಬಟ್ಟೆ ಹಿಡಿದಿದ್ದಳು.

"ಅಪ್ಪಾಜಿ, ಇದು ನಿಮಗೆ. ನಾನೇ ಹೊಲಿದಿದ್ದು."

ನೀಲಿ ನೂಲಿನ ಮೂರು ಕೊಕ್ಕರೆಗಳು. ಒಂದರ ಕಾಲು ಸೊಟ್ಟಗಿತ್ತು.

"ಯಾರು ಕಲಿಸಿದರು, ಮಗಳೇ?" ದೊರೆ ಮೆಲ್ಲಗೆ ಕೇಳಿದ.

"ಅಮ್ಮ. ನಮ್ಮ ವಂಶದ ಹೆಣ್ಣುಮಕ್ಕಳು ಮಾತ್ರ ಇದನ್ನ ಹೊಲಿಯಬೇಕಂತೆ."

ದೊರೆ ಆ ಬಟ್ಟೆಯನ್ನು ಬಿಷಪ್ಪರ ಕೈಗಿತ್ತ. ರಾಣಿ ಕಣ್ಣು ಮುಚ್ಚಿಕೊಂಡಳು. ವಂಶದ ಹೆಮ್ಮೆಯನ್ನು ಅವಳು ನನ್ನ ಮೈಯಿಂದ ಬಿಚ್ಚಿದ್ದಳು, ಮಗಳ ಬೆರಳಿಗೆ ತಾನೇ ಕಲಿಸಿದ್ದು ಮರೆತೇಹೋಗಿತ್ತು.

ಮಠದ ಗಾಡಿ ಅಂಗಳಕ್ಕೆ ಬಂದ ದಿನ ನಾನು ರಾಣಿಯ ತೋಳಿನ ಮೇಲಿದ್ದೆ. ಇಸಬೋ ಅವಳ ನಿಲುವಂಗಿಯ ಅಂಚು ಬಿಡಲಿಲ್ಲ.

"ಆವತ್ತು ಅಪ್ಪಾಜಿ ಯಾಕಮ್ಮ ಏನೂ ಅನ್ನಲಿಲ್ಲ? ನನ್ನ ಕೊಕ್ಕರೆ ಚೆನ್ನಾಗಿರಲಿಲ್ವಾ?"

"ತುಂಬಾ ಚೆನ್ನಾಗಿತ್ತು ಕಂದ. ಅದಕ್ಕೇ ಅವರು ವಾಪಸ್ಸು ಕೊಡಲಿಲ್ಲ," ಎಂದಳು ತಾಯಿ, ನಗುತ್ತಲೇ. ಆ ನಗು ನೆನೆದರೆ ಈಗಲೂ ನನ್ನ ಎಳೆ ಎಳೆ ನಡುಗುತ್ತದೆ.

ಮಠದಲ್ಲಿ ಯೊಲಾಂದ್ ಬಹಳ ಚಳಿಗಾಲಗಳನ್ನು ಕಂಡಳು, ಮಕ್ಕಳನ್ನು ಮಾತ್ರ ಮತ್ತೆ ಕಾಣಲಿಲ್ಲ. ಅವಳು ತೀರಿಕೊಂಡಾಗ ಅವಳ ಮೇಲಿದ್ದದ್ದು ನಾನೇ. ಈಗ ಮಠದ ಪೆಟ್ಟಿಗೆಯೊಂದರಲ್ಲಿ ನುಸಿಗೆ ಆಹಾರವಾಗಿ ಬಿದ್ದಿದ್ದೇನೆ. ಇಸಬೋ ಬೇರೆ ನಾಡಿನ ರಾಣಿಯಾಗಿದ್ದಾಳಂತೆ. ಪೆಟ್ಟಿಗೆ ತೆಗೆದಾಗ ಸನ್ಯಾಸಿನಿಯರು ಆಡಿಕೊಳ್ಳುವುದು ಕೇಳಿಸುತ್ತದೆ: ಅವಳು ಎಷ್ಟೇ ಕೆಲಸವಿದ್ದರೂ ತನ್ನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕೊಕ್ಕರೆ ಹೊಲಿಯುವುದನ್ನು ಕಲಿಸುತ್ತಾಳಂತೆ, ಅಮ್ಮ ಕೊನೆಯದಾಗಿ ಮೆಚ್ಚಿಕೊಂಡ ಕೆಲಸ ಅದು ಎಂದು. ನಿಜವನ್ನು ಅವಳಿಗೆ ಯಾರೂ ಹೇಳಿಲ್ಲ. ನನಗೆ ಬಾಯಿದ್ದಿದ್ದರೂ ನಾನು ಹೇಳುತ್ತಿರಲಿಲ್ಲ.