ಹಸನಾದ ತೋಟ

ತೆಂಗಿನ ತೋಟದ ತುಂಬ ಹೊಗೆ. ತಿಪಟೂರಿನಿಂದ ಮಗಳು ಯೋಗಿತಾಳಿಗೆ ತಂದ ಸೀರೆಯ ಚೀಲವನ್ನು ಬದುವಿನ ಮೇಲೆಯೇ ಬಿಸಾಕಿ ಬೋರಮ್ಮ ಒಳಕ್ಕೆ ಓಡಿದಳು.

ಮೈದುನ ಮಾಯಣ್ಣ ಟವೆಲ್ಲಿನಲ್ಲಿ ಮುಖದ ಮಸಿ ಒರೆಸಿಕೊಳ್ಳುತ್ತ ನಿಂತಿದ್ದ. ಆಸ್ತಿ ಭಾಗವಾದ ಮೇಲೆ ಈ ಕಡೆ ತಲೆ ಹಾಕದವನು. ಅಣ್ಣ ತಿಮ್ಮಯ್ಯನನ್ನು ಮಣ್ಣು ಮಾಡಿದ ದಿನವೂ ಬೇಲಿಯಾಚೆಯೇ ನಿಂತಿದ್ದವನು.

"ಬಾ ಅತ್ಗೆ. ಟ್ರ್ಯಾಕ್ಟರ್ ಕರ್ಸಿ ಉದ್ದಕ್ಕೂ ಅಡ್ಡಕ್ಕೂ ಉಳುಮೆ ಮಾಡಿಸ್ದೆ. ಗರಿ, ಮಟ್ಟೆ, ಕಳೆ ಎಲ್ಲಾ ಗುಡ್ಡೆ ಹಾಕಿ ಬೆಂಕಿ ಕೊಟ್ಟೆ. ನಾಳೆ ಯೋಗಿತಾನ ನೋಡಕ್ಕೆ ಬರೋರು ಮೊದ್ಲು ತೋಟ ನೋಡ್ತಾರೆ ಕಣತ್ಗೆ. ಹಾಳು ಬಿದ್ದೈತೆ ಅಂದ್ರೆ ನಮ್ಮನೆ ಮರ್ವಾದೆ ಏನಾಯ್ತದೆ?"

ಗಂಡ ಹೋದ ಮೇಲೆ ಬೋರಮ್ಮ ತೋಟ ಹಾಳುಬಿಟ್ಟಳು ಎಂದು ಊರೂ ಆಡಿಕೊಂಡಿತ್ತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅವಳು ಬೇಕೆಂದೇ ಬಿಟ್ಟಿದ್ದಳು. ಮೊದಲು ವರ್ಷವರ್ಷ ಉತ್ತು, ಸುಟ್ಟು ಬಿಳಚಿಕೊಂಡು ಗಟ್ಟಿಯಾಗಿದ್ದ ನೆಲ ಮಳೆ ಬಿದ್ದರೂ ನೀರು ಕುಡಿಯುತ್ತಿರಲಿಲ್ಲ, ಮರಗಳು ಸೊರಗಿದ್ದವು. ಉಳಬೇಡಿ, ಸುಡಬೇಡಿ, ಬಿದ್ದದ್ದು ಅಲ್ಲೇ ಕೊಳೆಯಲಿ, ಗಾಳಿಯ ಇಂಗಾಲವೂ ಮಣ್ಣಿಗಿಳಿದು ಉಳಿಯುತ್ತದೆ ಎಂದು ಕೃಷಿ ಇಲಾಖೆಯ ಭವ್ಯಶ್ರೀ ಹೇಳಿದ್ದನ್ನು ನಂಬಿ ಶುರು ಮಾಡಿದವನು ತಿಮ್ಮಯ್ಯ. ಅರ್ಧಕ್ಕೇ ಬಿಟ್ಟುಹೋದ. ಅವಳು ಗರಿ ಹೊದಿಸಿ, ಹುರುಳಿ ಚೆಲ್ಲಿ, ವರ್ಷಗಟ್ಟಲೆ ಕಾದಳು. ಈ ಮುಂಗಾರಿನಲ್ಲಿ ಬೊಗಸೆ ತುಂಬ ಎತ್ತಿದ ಮಣ್ಣು ಕಪ್ಪಗೆ, ತಣ್ಣಗಿತ್ತು. ಒಳಗೆ ಎರೆಹುಳ ಮಿಸುಕಿತ್ತು. ಅವನಿಗೆ ತೋರಿಸಲಾಗಲಿಲ್ಲವಲ್ಲ ಎಂದು ಒಬ್ಬಳೇ ಕೂತು ಅತ್ತಿದ್ದಳು.

ಈಗ ಕಾಲಡಿ ಬಿಸಿ ಬೂದಿ. ಸುತ್ತ, ಮಗುಚಿ ಬಿಸಿಲಿಗೆ ಬಿದ್ದ ಮಣ್ಣಿನ ಹೆಂಟೆಗಳು. ಬೈಗುಳ ನಾಲಿಗೆಯ ತುದಿಗೆ ಬಂತು. ಮಾಯಣ್ಣನ ಮುಖ ನೋಡಿದಳು. ಹುಬ್ಬು ಸೀದುಹೋಗಿತ್ತು.

"ಅಣ್ಣ ಇದ್ದಾಗ ಒಂದಿನ ಬರ್ಲಿಲ್ಲ ನಾನು," ಎಂದ. "ಇದ್ನಾದ್ರೂ ಮಾಡಾನ ಅಂತ..."

ಹೋದ ಮಣ್ಣು ಹೋಯಿತು. ಬಂದವನನ್ನೂ ಕಳೆದುಕೊಳ್ಳುವುದೇ?

"ಚೆನ್ನಾಗ್ ಮಾಡ್ದೆ ಬುಡಪ್ಪ," ಎಂದಳು. "ಮುದ್ದೆ ಐತೆ, ಉಂಡ್ಕಂಡ್ ಹೋಗು."

ಅಷ್ಟರಲ್ಲಿ ಪಕ್ಕದ ಮರದಿಂದ ಒಣಗರಿಯೊಂದು ಧೊಪ್ಪೆಂದು ಬಿತ್ತು. ಬೋರಮ್ಮ ಬಗ್ಗಿ ಅದನ್ನು ಬುಡದ ಕಡೆಗೆ ಎಳೆಯತೊಡಗಿದಳು. ಮಾಯಣ್ಣ ಓಡಿಬಂದು ಅವಳ ಕೈಯಿಂದ ಬಿಡಿಸಿಕೊಂಡ.

"ಬುಡು ಅತ್ಗೆ, ನಾನಿಲ್ವಾ?"

ಎಳೆದೊಯ್ದು ಉರಿಗೆ ಹಾಕಿದ. ಗರಿ ಚಟಚಟನೆ ಹತ್ತಿಕೊಂಡಿತು. ಅದು ಉರಿದು ಮುಗಿಯುವವರೆಗೂ ಇಬ್ಬರೂ ಪಕ್ಕಪಕ್ಕದಲ್ಲೇ ನಿಂತಿದ್ದರು.