ಬಡಿಯುವ ಗಂಟು

ಕಾಲರಿನ ಗುಂಡಿ ಹಾಕುತ್ತಿದ್ದ ಮಗಳ ಬೆರಳು ಅಪ್ಪನ ಕತ್ತಿನ ಹಳೆಯ ಹೊಲಿಗೆಯ ಗುರುತಿನ ಮೇಲೆ ನಿಂತಿತು. ಊರಿಗೆಲ್ಲ ಅಂಗಿ ಹೊಲಿದ ದರ್ಜಿಗೆ ಕೊನೆಯ ಅಂಗಿ ತೊಡಿಸುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಂಗಡಿಯಲ್ಲಿ ಅಪ್ಪನ ಪಕ್ಕದ ಮಿಷನ್ನು ಅವಳದೇ.

"ಅಂತೂ ಆ ಗಂಟು ಅಣ್ಣನ ಜೀವ ತಗೊಂಡ್‌ಬಿಡ್ತು," ಎಂದು ಅತ್ತೆ ಕಣ್ಣೊರೆಸಿಕೊಂಡಳು.

"ಗಂಟಲ್ಲ ಕಣೇ, ಹೃದಯ ನಿಂತಿದ್ದು," ಎಂದಳು ಅಮ್ಮ. "ಗಂಟು ತೆಗೆಸಿದ ಮೇಲೆ ಇಪ್ಪತ್ತು ವರ್ಷ ನನ್ನ ತಲೆ ತಿಂದಿಲ್ವ ಅವರು?"

ಸಾವಿನ ಮನೆಯೆಂಬುದನ್ನೂ ಮರೆತು ಒಂದಿಬ್ಬರು ನಕ್ಕರು. ಮಗಳು ಮಾತ್ರ ದುಪಟ್ಟಾವನ್ನು ಕತ್ತಿಗೆ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ಅವಳ ದವಡೆಯ ಕೆಳಗೂ ಗೋಲಿಯಷ್ಟು ದೊಡ್ಡ ಗಂಟೊಂದು ಕೆಲವು ತಿಂಗಳಿಂದ ಕೂತಿತ್ತು. ಯಾರಿಗೂ ಹೇಳಿರಲಿಲ್ಲ. ಮದುವೆ ಗೊತ್ತಾಗಿತ್ತು, ಭಯವಾಗಿತ್ತು.

*

ಅಪ್ಪನಿಗೆ ಗಂಟು ಬಂದಾಗ ಅವಳಿನ್ನೂ ಚಿಕ್ಕವಳು. ಒಬ್ಬ ಡಾಕ್ಟರು ಏನಿಲ್ಲವೆಂದು ಮಾತ್ರೆ ಕೊಟ್ಟರು. ಇನ್ನೊಬ್ಬರು ಕ್ಯಾನ್ಸರ್ ಇರಬಹುದೆಂದು ಮುಖ ಸಣ್ಣ ಮಾಡಿದರು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಚೂರು ತೆಗೆದು ಪರೀಕ್ಷೆಗೆ ಕಳಿಸಲು ಸೂಜಿ ಹಿಡಿದಾಗಿತ್ತು. ಗಂಟಿನ ಮೇಲೆ ಬೆರಳಿಟ್ಟವರು ಸೂಜಿಯನ್ನು ವಾಪಸ್ ತಟ್ಟೆಗೆ ಹಾಕಿದರು.

"ನಾಡಿ ಥರ ಬಡೀತಿದೆ. ಅಕ್ಕಪಕ್ಕ ಜರುಗುತ್ತೆ, ಮೇಲೆ ಕೆಳಗೆ ಜರುಗಲ್ಲ. ಸೂಜಿ ಚುಚ್ಚಿದ್ರೆ ರಕ್ತ ನಿಲ್ಸೋದು ಕಷ್ಟ. ಮೊದಲು ಸ್ಕ್ಯಾನ್ ಮಾಡ್ಸೋಣ."

ಮಿದುಳಿಗೆ ಹೋಗುವ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಬೆಳೆದ ಗಂಟದು. ಅಪರೂಪದ್ದು, ಆದರೆ ಕ್ಯಾನ್ಸರ್ ಅಲ್ಲ. ಮೊದಲು ಅದಕ್ಕೆ ರಕ್ತ ಹರಿಸುವ ಸಣ್ಣ ನಾಳಗಳನ್ನು ಮುಚ್ಚಿದರು, ಮರುದಿನ ಮೆಲ್ಲಗೆ ಬಿಡಿಸಿ ತೆಗೆದರು. ಹೊಲಿಗೆ ಬಿಚ್ಚಿದ ದಿನ ಅಪ್ಪ ಕನ್ನಡಿ ನೋಡಿಕೊಂಡು, "ಹೊಲಿಗೆ ನೇರ ಬಂದಿದೆ ಡಾಕ್ಟ್ರೇ, ಅಂಗಡಿಗೆ ಬನ್ನಿ, ಕೆಲಸ ಕೊಡ್ತೀನಿ," ಎಂದಿದ್ದ.

ಅವರು ನಕ್ಕು, "ಇದು ಅಪ್ಪನಿಂದ ಮಕ್ಕಳಿಗೂ ಬರಬಹುದು. ಮಗಳು ದೊಡ್ಡವಳಾದ ಮೇಲೆ ಕರ್ಕೊಂಡ್ಬನ್ನಿ," ಎಂದಿದ್ದರು.

ಮನೆಯಲ್ಲಿ ಅತ್ತೆ ಆ ಮಾತನ್ನು ಹೊಸಿಲು ದಾಟಗೊಡಲಿಲ್ಲ. "ಇದು ಹೊರಗೆ ಗೊತ್ತಾದ್ರೆ ಹುಡುಗಿಗೆ ಮದುವೆ ಆದ ಹಾಗೇ." ಅಪ್ಪ ಅಮ್ಮ ಬಾಯಿ ಮುಚ್ಚಿಕೊಂಡರು. ಪಕ್ಕದ ಕೋಣೆಯಲ್ಲಿದ್ದ ಮಗಳಿಗೆ ಎಲ್ಲವೂ ಕೇಳಿಸಿತ್ತು.

*

ಸಾವಿನ ಸುದ್ದಿ ತಿಳಿದು ಡಾಕ್ಟರಮ್ಮ ಬಂದರು. ತಲೆ ಪೂರ್ತಿ ನೆರೆತಿತ್ತು. ಅಪ್ಪನ ಕಾಲ ಬಳಿ ಕೈಮುಗಿದು, "ನನ್ನ ಕೋಟೆಲ್ಲ ಇವರೇ ಹೊಲೀತಿದ್ರು. ಒಂದು ಸಲಾನೂ ಹೇಳಿದ ದಿನ ಕೊಟ್ಟಿಲ್ಲ," ಎಂದರು.

ಮಗಳಿಗೆ ಅಳು ಉಕ್ಕಿ ಬಂತು. ಈಗ ಹೇಳದಿದ್ದರೆ ಎಂದೂ ಹೇಳಲಾರೆ ಅನ್ನಿಸಿತು. ದುಪಟ್ಟಾ ತೆಗೆದಳು.

"ಡಾಕ್ಟ್ರೇ, ನನ್ನ ಕತ್ತು ನೋಡಿ. ಇಲ್ಲೂ ಬಡೀತಿದೆ."

ಡಾಕ್ಟರಮ್ಮ ಬೆರಳಿಟ್ಟು, ಆತುರಪಡದೆ ನೋಡಿದರು.

"ಅಪ್ಪಂದೇ ಥರ ಇರೋ ಹಾಗಿದೆ. ಅವರದರ ಅರ್ಧವೂ ಇಲ್ಲ. ನಾಳೆನೇ ಬಾ, ಸ್ಕ್ಯಾನ್ ಮಾಡ್ಸೋಣ. ತೆಗೆದ್ರೆ ನೀನೂ ಮುದುಕಿ ಆಗೋವರೆಗೆ ಹೊಲೀತಿರ್ತೀಯ."

"ಮೆಲ್ಲಗೆ ಮಾತಾಡಿ, ಗಂಡಿನ ಕಡೆಯವರು ಹೊರಗೇ ಕೂತಿದ್ದಾರೆ," ಎಂದು ಅತ್ತೆ ಬಾಗಿಲು ಮುಚ್ಚಲು ಧಾವಿಸಿದಳು.

ಬೆಳಗಿನಿಂದ ಗಂಡನ ತಲೆಯ ಬಳಿ ಕೂತಿದ್ದ ಅಮ್ಮ ಎದ್ದಳು. ಅರ್ಧ ಮುಚ್ಚಿದ್ದ ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಳು. "ಇನ್ನೊಂದು ಸಲ ಹೇಳಿ ಡಾಕ್ಟ್ರೇ, ಸ್ವಲ್ಪ ಜೋರಾಗಿ," ಎಂದು ಮತ್ತೆ ಮುಚ್ಚದಂತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.